ಹಳೇ ಟ್ರೇಲರ್ ತಗೊಂಡೀನಿ, ಸೀಸನ್ ಶುರು ಆಗೋದ್ರೊಳಗ ಏನೇನ್ ಬಿಚ್ಚಿ ನೋಡ್ಬೇಕ್ರಿ?

ತೇರದಾಳ ಕಬ್ಬು
ನಮಸ್ಕಾರ್ರಿ. ಮಿರಜ್ ಕಡೆಯಿಂದ ನಾಕು ಗಾಲಿದೊಂದು ಟ್ರ್ಯಾಕ್ಟರ್ ಟ್ರೇಲರ್ ತಂದೀನಿ, ಸೆಕೆಂಡ್ ಹ್ಯಾಂಡ್. ಕಬ್ಬಿಗೆ ಅಂತನ ತಗೊಂಡದ್ದು. ಟಾಯರ್ 9.00-20. ಮುಂದಿನ ಎರಡು ಕಂಪನಿವು, ಹಿಂದಿನ ಎರಡು ರಿಮೋಲ್ಡ್, ಅಂದ್ರ ಹಳೇ ಮೈಗೆ ಹೊಸ ರಬ್ಬರ್ ಪಟ್ಟಿ ಹಚ್ಚಿದ್ದು. ಬಣ್ಣ ಮಾತ್ರ ಹೊಸಾದು, ಅಡಿಗೆ ಚಾಸಿಗೂ ಹೊಡದಾರ. ಖಾಲಿ ಜಗ್ಗಿಕೊಂಡ ಬರುವಾಗ ಹಿಂದಿನ ಎಡಗಡೆ ಹಬ್ (ಗಾಲಿ ನಡುವಿನ ಗುಂಬ) ಕೈ ಇಡಾಕ ಆಗದಷ್ಟ ಬಿಸಿ ಆಗಿತ್ತು. ಹೊಳ್ಳಿಸುವಾಗ ಮುಂದ ಟರ್ನ್ ಟೇಬಲ್ (ಮುಂದಿನ ಅಚ್ಚು ತಿರುಗೋ ರಿಂಗ್) ಹತ್ರ ಕಟ್ ಕಟ್ ಅಂತೈತಿ. ಹಿಂದಿನ ಲೈಟ್ ಒಂದೂ ಇಲ್ಲ, ವೈರ್ ಹರದ ಜೋತಾಡಾಕತ್ತಾವು. ಸಕ್ರಿ ಫ್ಯಾಕ್ಟರಿ ಶುರು ಆಗಾಕ ಇನ್ನೊಂದ ತಿಂಗಳ ಐತಿ. ಯಾವುದನ್ನ ಮೊದಲ ಬಿಚ್ಚಬೇಕು, ಯಾವುದಕ್ಕ ರೊಕ್ಕ ಹಾಕಬೇಕು, ತಿಳದವರು ಹೇಳ್ರಿ.

ಹಗ್ಗ ಹುಕ್ಕು
ಅಡಿಗೆ ಹೊಸ ಬಣ್ಣ ಅಂದ್ರ ಅಡಿಗೇ ಏನೋ ಐತಿ. ಮೊದಲ ಅದನ್ನ ಕೆರದ ನೋಡ್ರಿ.

ಜಮಖಂಡಿ ಲೇತ್
ಹಬ್ಬಿನಿಂದ ಶುರು ಮಾಡ್ರಿ. ಅದು ಆಗೋತನಕ ಟ್ರೇಲರ್ ಹೊಲಕ್ಕೂ ಒಯ್ಯಬ್ಯಾಡ್ರಿ. ಖಾಲಿ ಟ್ರೇಲರಿನ ಹಬ್ ಅಷ್ಟ ಬಿಸಿ ಆಗಬೇಕಂದ್ರ ನಟ್ ಹೆಚ್ಚ ಬಿಗಿ ಇರಬೇಕು, ಇಲ್ಲಾ ಗ್ರೀಸ್ ಒಣಗಿರಬೇಕು, ಇಲ್ಲಾ ಬೇರಿಂಗ್ ಹೋಗಿರಬೇಕು. ಬ್ರೇಕ್ ಇರೋ ಟ್ರೇಲರ್ ಆದ್ರ ಶೂ ಅಂಟಿಕೊಂಡಿದ್ರೂ ಹಿಂಗ ಆಗ್ತೈತಿ.

ಒಂದೊಂದ ಗಾಲಿ ಮಾಡ್ರಿ. ಉಳಿದ ಗಾಲಿಗಳಿಗೆ ಹಿಂದ ಮುಂದ ಕಲ್ಲ ಕೊಡ್ರಿ. ಜಾಕ್ ಅಚ್ಚಿಗೇ ಕೊಡ್ರಿ, ಪಾಟಾದ (ಎಲಿ ಸ್ಪ್ರಿಂಗಿನ) ಹತ್ರ. ಚಾಸಿಗೆ ಕೊಟ್ರ ಪಾಟಾ ಬಿಚ್ಚಿಕೊಂಡ ಗಾಲಿ ಲಗೂ ಏಳಾಂಗಿಲ್ಲ. ಎತ್ತಿದ ಮ್ಯಾಲ ಅಚ್ಚಿನ ಕೆಳಗ ಗಟ್ಟಿ ಕಟಗಿ ದಿಂಡ ಕೂಡಿಸ್ರಿ, ಜಾಕಿನ ಮ್ಯಾಲ ನಂಬಿ ಕೈ ಹಾಕಬ್ಯಾಡ್ರಿ. ಈಗ ಗಾಲಿಯನ್ನ ಮ್ಯಾಲೊಂದ ಕೈ ಕೆಳಗೊಂದ ಕೈ ಹಿಡದ ಅಲ್ಲಾಡಿಸ್ರಿ. ಕಟಕ್ ಅಂದ್ರ ಸಡಲ ಐತಿ. ಆಮ್ಯಾಲ ತಿರುವಿ ಕಿವಿಗೊಡ್ರಿ. ಒಂದೇ ಸಮ ಸರ್ ಅಂದ್ರ ಛಲೋ. ಮರಳ ಅರದಂಗ ಕರ ಕರ ಅಂದ್ರ ಬೇರಿಂಗ್ ಮುಗೀತು.

ಬಿಚ್ಚಿದ ಮ್ಯಾಲ ಹಳೇ ಗ್ರೀಸ್ ಡೀಸೆಲ್‌ನಾಗ ಪೂರ್ತಿ ತೊಳದ, ಬಟ್ಟಿಲೆ ಒರಸಿ, ಬಿಸಲಾಗ ಹಿಡದ ನೋಡ್ರಿ. ರೋಲರ್ ಕನ್ನಡಿ ಹಂಗ ಹೊಳಿಬೇಕು. ನೀಲಿ ಇಲ್ಲಾ ಕಂದು ಬಣ್ಣ ತಿರುಗಿದ್ರ ಸುಟ್ಟಾವು ಅಂತ ಅರ್ಥ. ಹಬ್ಬಿನೊಳಗ ಕೂತಿರೋ ಕಪ್ಪಿನ (ರೋಲರ್ ಓಡೋ ಹೊರಗಿನ ರಿಂಗಿನ) ಮ್ಯಾಲ ಉಗುರ ಆಡಸ್ರಿ, ಸಣ್ಣ ಕುಳಿ ತಾಕಿದ್ರೂ ಬದಲಿ ಮಾಡ್ರಿ. ಹೊಸ ರೋಲರಿಗೆ ಹಳೇ ಕಪ್ ಇಡಬ್ಯಾಡ್ರಿ, ಜೋಡಿ ಜೋಡಿನ ಹಾಕಬೇಕು. ಅಂಗಡ್ಯಾಗ ಟ್ರೇಲರ್ ಹೆಸರ ಹೇಳಿ ಕೇಳಬ್ಯಾಡ್ರಿ, ಬೇರಿಂಗಿನ ಮೈಮ್ಯಾಲ ನಂಬರ್ ಹೊಡದಿರ್ತೈತಿ, ಅದನ್ನ ಬರಕೊಂಡ ಹೋಗ್ರಿ. ಒಳಗಿಂದು ಹೊರಗಿಂದು ಬ್ಯಾರೆ ಬ್ಯಾರೆ ನಂಬರ್ ಇರತಾವು. ಆಯಿಲ್ ಸೀಲ್ ಬಿಚ್ಚಿದ ಮ್ಯಾಲ ಹೊಸಾದ ಹಾಕ್ರಿ, ಅದರ ತುಟಿ ಗ್ರೀಸಿನ ಕಡೆ ಮುಖ ಮಾಡಿರಬೇಕು.

ಕೂಡಿಸುವಾಗ ಗಾಲಿ ತಿರುವಿಕೋತ ನಟ್ ಬಿಗಿ ಮಾಡ್ರಿ. ಗಾಲಿ ಜಡ ಆಗೋತನಕ ಬಿಗಿ ಮಾಡಿ, ಆಮ್ಯಾಲ ಒಂದ ಖಾಚ ಹಿಂದ ಬಿಡ್ರಿ. ನಟ್ಟಿಗೆ ಆರ ಖಾಚ ಇರ್ತಾವು, ಅಂದ್ರ ಸುತ್ತಿನ ಆರನೇ ಒಂದು ಭಾಗ. ಪಿನ್ ಹಾಕಿ ಎರಡೂ ಕಾಲ ಬ್ಯಾರೆ ಬ್ಯಾರೆ ಕಡೆ ಮಡಚ್ರಿ. ಎಡಗಡೆ ಒಂದ ಬಿಸಿ ಆಗೇತಿ ಅಂತ ಅದೊಂದ ಬಿಚ್ಚಿ ಬಿಡಬ್ಯಾಡ್ರಿ. ನಾಕೂ ಬಿಚ್ಚ್ರಿ.

ಎರಿಹೊಲ
ಎಲ್ಲಾ ಸರಿ ಹೇಳ್ಯಾರ. ಒಂದ ಮಾತ ಸೇರಸ್ತೀನಿ, ಹಬ್ ತುಂಬ ಗ್ರೀಸ್ ತುಂಬ್ರಿ. ಕಬ್ಬಿನ ಲೋಡಿಗೆ ಕಡಿಮಿ ಗ್ರೀಸ್ ನಡ್ಯಾಂಗಿಲ್ಲ.

ಜಮಖಂಡಿ ಲೇತ್
ಎರಿಹೊಲ ಅಣ್ಣಾರ, ಇದೊಂದ ಒಪ್ಪಾಂಗಿಲ್ರಿ. ಗ್ರೀಸ್ ಬೇಕಾಗಿರೋದು ರೋಲರಿನ ಸಂದ್ಯಾಗ. ಅಂಗೈಮ್ಯಾಲ ಗ್ರೀಸ್ ಹಾಕ್ಕೊಂಡ ಬೇರಿಂಗಿನ ದಪ್ಪ ಕಡೆಯಿಂದ ಒತ್ತಿದ್ರ ಇನ್ನೊಂದ ಕಡೆಯಿಂದ ಹೊರಗ ಬರಬೇಕು, ಅಲ್ಲಿತನಕ ತುಂಬಬೇಕು. ಎರಡು ಬೇರಿಂಗ್ ನಡುವಿನ ಟೊಳ್ಳಿನ್ಯಾಗ ಮೂರನೇ ಒಂದು ಭಾಗ ಸಾಕು. ಪೂರ್ತಿ ತುಂಬಿದ್ರ ರೋಲರ್ ಅದನ್ನ ಕಡದ ಕಡದ ಬಿಸಿ ಮಾಡ್ತೈತಿ, ಬಿಸಿ ಗ್ರೀಸ್ ಉಬ್ಬಿ ಸೀಲ್ ದೂಡ್ತೈತಿ. ಸೀಲ್ ಹೋತಂದ್ರ ಎರಿ ಮಣ್ಣಿನ ನೀರ ಒಳಗ. ಹಬ್ಬಿನ ಹಿಂದ ಟಾಯರ್ ಮ್ಯಾಲ ಗ್ರೀಸ್ ಸಿಡದಿರ್ತೈತಲ್ಲ, ಅದಕ್ಕ ಇದ ಕಾರಣ.

ಭೀಮಾತೀರ
ಲೇತ್ ಅವರು ಹೇಳಿದ್ದು ಖರೇ ಅದರಿ. ಗ್ರೀಸ್ ಯಾವುದು ಅನ್ನೋದೂ ಹೇಳಬೇಕು. ಲಿಥಿಯಂ ಗ್ರೀಸ್, ನಂಬರ್ 2 ಇಲ್ಲಾ 3, ವೀಲ್ ಬೇರಿಂಗಿಗೆ ನಡೀತದ ಅಂತ ಡಬ್ಬಿಮ್ಯಾಲ ಬರದಿರಬೇಕು. ಹಳೇ ಗ್ರೀಸಿನ ಮ್ಯಾಲ ಬ್ಯಾರೆ ಜಾತಿ ಗ್ರೀಸ್ ಕೂಡಸಬ್ಯಾಡ್ರಿ. ಎರಡು ಜಾತಿ ಕೂಡಿದ್ರ ನೀರಾಗಿ ಸೋರಿ ಹೋಗೂದು ಉಂಟು. ಅದಕ್ಕೇ ತೊಳೀಬೇಕು.

ಕೆಎ 49
ಮೊದಲು ಕಾಗದಪತ್ರ ನೋಡಿ. ಬೇರಿಂಗ್ ನಾಳೆಯೂ ಬದಲಿಸಬಹುದು, ಮಾರಿದವರು ಫೋನ್ ಎತ್ತುವುದನ್ನು ನಿಲ್ಲಿಸಿದ ಮೇಲೆ ಸಹಿ ಸಿಗುವುದಿಲ್ಲ.

ಮಿರಜ್ ಅಂದರೆ ಎಂಎಚ್ 10 ಪಾಸಿಂಗ್ ಇರಬೇಕು. ಹೊರರಾಜ್ಯದ ಗಾಡಿಗೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28, ಅಂದರೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು. ವರ್ಗಾವಣೆಗೆ ಫಾರ್ಮ್ 29 ಮತ್ತು 30, ಇಲ್ಲಿಯ ಹೊಸ ನಂಬರಿಗೆ ಫಾರ್ಮ್ 27. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ ಮಾರಿದವರೇ ತಂದುಕೊಡಬೇಕು. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಕೊಂಡವರು 30 ದಿನದೊಳಗೆ ತಿಳಿಸಬೇಕು. ಮಾರಿದವರಿಗೆ ಅದೇ ರಾಜ್ಯವಾದರೆ 14 ದಿನ, ಹೊರರಾಜ್ಯವಾದರೆ 45 ದಿನ.

ಚಾಸಿ ನಂಬರ್ ಹೊಡೆದ ಜಾಗದ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಅಕ್ಷರಗಳು ಕಾಗದದ ಮೇಲೆ ಮೂಡುತ್ತವೆ. ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಆ ಜಾಗದಲ್ಲಿ ಗ್ರೈಂಡರ್ ಗೀರು ಇದ್ದರೆ, ಪಟ್ಟಿ ಕತ್ತರಿಸಿ ಬೆಸುಗೆ ಹಾಕಿದ್ದರೆ, ಗಾಡಿ ವಾಪಸ್ ಕೊಡಿ.

ತೇರದಾಳ ಕಬ್ಬು
ಎಂಎಚ್ 10 ಹೌದ್ರಿ. ಎನ್‌ಒಸಿ ಕೊಡತೇನಂದಾರ, ಇನ್ನೂ ಕೈಗೆ ಬಂದಿಲ್ಲ. ಟ್ರ್ಯಾಕ್ಟರಿಗೆ ಇನ್ಶುರೆನ್ಸ್ ಐತಿ, ಅದರಾಗ ಟ್ರೇಲರೂ ಬಂತಲ್ರಿ?

ಕೆಎ 49
ಇಲ್ಲ. ಟ್ರೇಲರಿನ ನಂಬರ್ ಪಾಲಿಸಿಯಲ್ಲಿ ಬೇರೆಯಾಗಿ ಬರೆಸಬೇಕು, ಅದಕ್ಕೆ ಬೇರೆ ಪ್ರೀಮಿಯಂ ಇರುತ್ತದೆ. ಬರೆಸದಿದ್ದರೆ ಅಪಘಾತವಾದಾಗ ಕಂಪನಿಯವರು ಹಿಡಿಯುವ ಮೊದಲ ತಕರಾರೇ ಅದು. ಪಾಲಿಸಿ ತೆಗೆದು ಟ್ರೇಲರ್ ಎಂಬ ಸಾಲು ಹುಡುಕಿ. ಎರಡು ಟ್ರೇಲರ್ ಜೋಡಿಸುವವರು ಎರಡರ ನಂಬರೂ ನೋಡಿಕೊಳ್ಳಬೇಕು.

ಉದ್ಯಮಬಾಗ್ ವೆಲ್ಡರ್
ಬಣ್ಣದ ವಿಷಯಕ್ಕ ಬರ್ತೀನಿ. ಕ್ರ್ಯಾಕ್ ಹುಡುಕಾಕ ಯಾವ ಮಷಿನೂ ಬೇಕಾಗಿಲ್ಲ. ಡೀಸೆಲ್ ಮತ್ತ ಸುಣ್ಣ ಸಾಕು.

ಮೊದಲ ಜಾಗ, ಟ್ರ್ಯಾಕ್ಟರಿಗೆ ಜೋಡಿಸೋ ಡ್ರಾಬಾರಿನ ತುದಿಗೆ ಕಡಿ, ಅಂದ್ರ ಪಿನ್ ಹಾಕೋ ಬಳಿ, ಬೆಸದಲ್ಲಿ. ಎರಡನೇದು, ಡ್ರಾಬಾರಿನ ಎರಡು ಕಾಲು ಟರ್ನ್ ಟೇಬಲ್ ಚೌಕಟ್ಟಿಗೆ ಕೂಡೋ ಮೂಲಿ. ಮೂರನೇದು, ಪಾಟಾ ಹಿಡಿಯೋ ಬ್ರ್ಯಾಕೆಟ್ ಚಾಸಿಗೆ ಬೆಸದಲ್ಲಿ. ಈ ಮೂರೂ ಕಡೆ ವೈರ್ ಬ್ರಶ್‌ಲೆ ಕಬ್ಬಣ ಕಾಣೋಹಂಗ ಬಣ್ಣ ತಗೀರಿ. ಡೀಸೆಲ್ ಹಚ್ಚಿ ಒಂದ ಹತ್ತ ನಿಮಿಷ ಬಿಡ್ರಿ. ಒಣಾ ಬಟ್ಟಿಲೆ ಪೂರ್ತಿ ಒರಸ್ರಿ. ಮ್ಯಾಲ ಸೀಮೆಸುಣ್ಣದ ಪುಡಿ ತೆಳ್ಳಗ ಹಚ್ರಿ. ಈಗ ಡ್ರಾಬಾರ್ ಮ್ಯಾಲ ಸುತ್ತಿಗಿಲೆ ನಾಕ ಪೆಟ್ಟ ಹಾಕ್ರಿ. ಸೀಳಿನೊಳಗ ಉಳಿದ ಡೀಸೆಲ್ ಮ್ಯಾಲ ಬಂದ ಬಿಳಿ ಪುಡಿ ಮ್ಯಾಲ ಕೂದಲೆಳಿ ಹಂಗ ಕರಿ ಗೆರಿ ಮೂಡ್ತೈತಿ. ಬರೇ ಕಣ್ಣಿಗೆ ಕಾಣದ ಸೀಳೂ ಇದರಾಗ ಸಿಗ್ತೈತಿ.

ಎರಿಹೊಲ
ಸಿಕ್ರ ಏನ ಮಾಡೋದ್ರಿ, ಮ್ಯಾಲೊಂದ ಪಟ್ಟಿ ಇಟ್ಟ ಬೆಸದ್ರ ಆತಲ್ಲ. ಎಲ್ಲಾರೂ ಹಂಗ ಮಾಡ್ತಾರ.

ಉದ್ಯಮಬಾಗ್ ವೆಲ್ಡರ್
ಮ್ಯಾಲ ಪಟ್ಟಿ ಇಟ್ರ ಕೆಳಗ ಸೀಳ ಬೆಳೀತಾನ ಇರ್ತೈತ್ರಿ, ಕಾಣೋದು ಮಾತ್ರ ನಿಲ್ತೈತಿ. ಸೀಳಿನ ಎರಡೂ ತುದಿಗೆ 5 ಇಲ್ಲಾ 6 ಮಿ.ಮೀ ಡ್ರಿಲ್ ಹೊಡೀಬೇಕು, ಆಗ ಅದು ಮುಂದ ಹರ್ಯಾಂಗಿಲ್ಲ. ನಡುವಿನದನ್ನ ಗ್ರೈಂಡರಿಲೆ 'ವಿ' ಆಕಾರಕ್ಕ ತಳಾ ಕಾಣೋತನಕ ಕೊರದ, 7018 ನಂಬರಿನ ವೆಲ್ಡಿಂಗ್ ರಾಡಿಲೆ ಪದರ ಪದರ ತುಂಬಬೇಕು. ಹಸಿ ರಾಡ್ ಬ್ಯಾಡ. ಮಳಿಗಾಲದಾಗ ಪ್ಯಾಕೆಟ್ ಒಡದ ಇಟ್ಟ ರಾಡ್ ತೇವ ಹೀರಿರ್ತೈತಿ, ಅದರಿಂದ ಬೆಸದ್ರ ಬೆಸಗಿ ಆರಿದ ಮ್ಯಾಲ ಮತ್ತ ಸೀಳ್ತೈತಿ. ಪತ್ರಾ ಕೆಲಸಕ್ಕ 6013 ನಡೀತೈತಿ, ಡ್ರಾಬಾರಿಗೆ 7018.

ಇಷ್ಟಾದ ಮ್ಯಾಲ ಬಲಕ್ಕಂತ ಪಟ್ಟಿ ಹಾಕ್ರಿ. ಪಟ್ಟಿ ತುದಿ ಚೌಕ ಇಟ್ಟ ಚಾನೆಲಿಗೆ ಅಡ್ಡ ಬೆಸದ್ರ ಆ ಬೆಸಗಿ ಗುಂಟನ ಹೊಸ ಸೀಳ ಹುಟ್ತೈತಿ. ತುದಿ ಚೂಪಗ, ಗಾಳಿಪಟದ ಆಕಾರಕ್ಕ ಕತ್ತರಿಸಿ ಉದ್ದಕ್ಕ ಮಾತ್ರ ಬೆಸೀರಿ.

ಎರಡ ಎಚ್ಚರ. ಬೆಸಿಯೋ ಮುಂಚೆ ಟ್ರ್ಯಾಕ್ಟರ್ ಬಿಚ್ಚಿ ದೂರ ನಿಲ್ಲಸ್ರಿ, ಆಲ್ಟರ್‌ನೇಟರ್ ಸುಡ್ತೈತಿ. ಅರ್ಥ್ ಕ್ಲ್ಯಾಂಪ್ ಬೆಸಿಯೋ ಜಾಗದ ಹತ್ರನ ಹಿಡೀರಿ. ಗಾಲಿಗೆ ಕ್ಲ್ಯಾಂಪ್ ಹಾಕಿ ಚಾಸಿ ಬೆಸದ್ರ ಕರೆಂಟ್ ಬೇರಿಂಗಿನೊಳಗಿಂದ ಹಾಯ್ತೈತಿ, ಹೊಸ ಬೇರಿಂಗಿನ ಮ್ಯಾಲ ಸಾವಿರ ಚುಕ್ಕಿ ಬೀಳ್ತಾವು. ಪಾಟಾ ಮಾತ್ರ ಯಾವತ್ತೂ ಬೆಸೀಬ್ಯಾಡ್ರಿ. ಮುರದ ಎಲಿ ತಗದ ಹೊಸಾದ ಹಾಕೋದ ಒಂದ ದಾರಿ.

ಹಗ್ಗ ಹುಕ್ಕು
ಕಡಿ ಬಗ್ಗೆ ಹೇಳಲಿಲ್ಲ. ಅದು ಸವದ ಮೊಟ್ಟಿ ಆಕಾರ ಆಗಿರ್ತೈತಿ.

ಜಮಖಂಡಿ ಲೇತ್
ಹೌದ್ರಿ. ಕಡಿಯ ದಪ್ಪ ಎರಡ ಕಡೆ ವರ್ನಿಯರಿಲೆ ಅಳೀರಿ. ಪಿನ್ ಜಗ್ಗೋ ಮುಂದಿನ ಬಾಯಿಗೊಮ್ಮೆ, ಬಗಲಿಗೊಮ್ಮೆ. ಬಗಲ ಸವಿಯಾಂಗಿಲ್ಲ, ಅದ ನಿಮಗ ಮೂಲ ಅಳತಿ. ಎರಡಕ್ಕೂ 4-5 ಮಿ.ಮೀ ಫರಕ ಇದ್ರ ಕಡಿ ಬದಲಿ ಮಾಡ್ರಿ, ರಾಡ್ ತುಂಬಿ ರಿಪೇರಿ ಬ್ಯಾಡ. ಸವದ ಕಡಿಯೊಳಗ ಪಿನ್ನಿಗೆ ಜಾಗ ಹೆಚ್ಚ, ಗೇರ್ ಬಿಟ್ಟ ಹಿಡದಾಗೆಲ್ಲ ಸುತ್ತಿಗಿ ಹೊಡದಂಗ ಹೊಡತಾ ಬೀಳ್ತೈತಿ, ಆ ಹೊಡತಾನ ಡ್ರಾಬಾರ್ ಸೀಳ್ತೈತಿ.

ಪಿನ್ ಅಂತ ಸಲಾಕಿ ತುಂಡು, ಮುರದ ಹಾರಿ ತುದಿ ಹಾಕೋರು ಎಷ್ಟ ಮಂದಿ ಇದ್ದೀರಿ, ದಯವಿಟ್ಟ ನಿಲ್ಲಸ್ರಿ. ತಲಿ ಇರೋ ಗಟ್ಟಿ ಹಿಚ್ ಪಿನ್, ಕೆಳಗ ಲಾಕ್ ಪಿನ್. ಅದರ ಜೋಡಿ ಸರಪಳಿ. ಸರಪಳಿ ಎರಡಿದ್ರ ಡ್ರಾಬಾರಿನ ಕೆಳಗ ಕತ್ತರಿ ಹಂಗ ದಾಟಿಸಿ ಕಟ್ರಿ. ಪಿನ್ ಹಾರಿದ್ರ ಡ್ರಾಬಾರ್ ರಸ್ತಾಕ್ಕ ಚುಚ್ಚಾಂಗಿಲ್ಲ, ಸರಪಳಿ ತೊಟ್ಟಲದಾಗ ಕೂಡ್ತೈತಿ. ಹೊಳ್ಳಿಸುವಾಗ ಜಗ್ಗದಷ್ಟ ಸಡಲ ಇರಲಿ, ನೆಲಕ್ಕ ತಾಕದಷ್ಟ ಬಿಗಿ ಇರಲಿ.

ತೇರದಾಳ ಕಬ್ಬು
ಟರ್ನ್ ಟೇಬಲ್ ಕಟ್ ಕಟ್ ಅನ್ನೋದಕ್ಕ ಏನ ಮಾಡ್ಲಿ?

ಭೀಮಾತೀರ
ಮುಂದಿನ ಚಾಸಿ ಕೆಳಗ ಜಾಕ್ ಕೊಟ್ಟು ಗಾಲಿ ನೆಲ ಬಿಡೂಹಂಗ ಎತ್ರಿ, ಕೆಳಗ ದಿಂಡ ಇಡ್ರಿ. ಟರ್ನ್ ಟೇಬಲಿನ ಮ್ಯಾಲಿನ ರಿಂಗ್ ಕೆಳಗಿನ ರಿಂಗ್ ನಡುವ ಹಾರಿ ತೂರಿಸಿ ಮೀಟ್ರಿ. ಎರಡೂ ರಿಂಗ್ ಸಂದಿ ಬಿಟ್ಟು ಮತ್ತ ಕೂತ್ರ, ಆ ಸಂದಿ ಕಣ್ಣಿಗೆ ಕಾಣೂಹಂಗಿದ್ರ, ಒಳಗಿನ ಗುಂಡು ಇಲ್ಲಾ ಅದು ಓಡೂ ಹಾದಿ ಸವದದ. ಅಷ್ಟರ ಮೊದಲು ಬೋಲ್ಟ್ ನೋಡ್ರಿ. ರಿಂಗ್ ಚಾಸಿಗೆ ಹಿಡದ ಬೋಲ್ಟ್ ಸಡಲಾದ್ರೂ ಇದೇ ಸಪ್ಪಳ ಬರ್ತದ. ಬೋಲ್ಟಿನ ಸುತ್ತ ಕೆಂಪು ಜಂಗಿನ ಪುಡಿ ಬಿದ್ದಿದ್ರ ಅದು ಅಲ್ಲಾಡ್ಲಿಕತ್ತದ ಅಂತ ತಿಳೀರಿ. ಗ್ರೀಸ್ ಗನ್ ಹಚ್ಚಿ, ಡ್ರಾಬಾರ್ ಎಡಕ್ಕ ಬಲಕ್ಕ ತಿರುವಿಕೋತ ಹೊಡೀರಿ, ಹಳೇ ಕರಿ ಗ್ರೀಸ್ ಹೊರಗ ಬರೂತನಕ. ಒಂದೇ ಕಡೆ ನಿಲ್ಲಿಸಿ ಹೊಡದ್ರ ಗ್ರೀಸ್ ಸುತ್ತಲೂ ಹೋಗೂದಿಲ್ಲ.

ಇನ್ನೊಂದು, ಸುತಳಿ ಪರೀಕ್ಷಾ ಮಾಡ್ರಿ. ಮುಂದಿನ ಅಚ್ಚು ನೆಟ್ಟಗ ನಿಲ್ಲಿಸಿ, ಎಡಗಡೆ ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಅಳೀರಿ. ಬಲಗಡೆನೂ ಹಂಗೇ. ಎರಡಕ್ಕೂ 10 ಮಿ.ಮೀ ಮಿಕ್ಕಿ ಫರಕ ಬಂದ್ರ ಹಿಂದಿನ ಅಚ್ಚು ಸೊಟ್ಟ ಅದ. ಹೆಚ್ಚು ಮಾಡಿ ಪಾಟಾದ ಸೆಂಟರ್ ಬೋಲ್ಟ್ ತುಂಡಾಗಿ ಅಚ್ಚು ಹಿಂದ ಸರದಿರ್ತದ. ಪಾಟಾ ಅಚ್ಚಿಗೆ ಹಿಡಿಯೂ ಯು-ಬೋಲ್ಟ್ ಬಿಗಿ ಇಲ್ಲದಿದ್ರ ಸೆಂಟರ್ ಬೋಲ್ಟೇ ಎಲ್ಲಾ ಜಗ್ಗಾಟ ತಡೀಬೇಕಾಗ್ತದ, ಅದಕ್ಕ ತುಂಡಾಗ್ತದ. ಎರಡು ಗಾಲಿ ಟ್ರೇಲರ್ ಇದ್ದವರು ಡ್ರಾಬಾರ್ ಕಡಿಯ ನಡುವಿನಿಂದ ಎರಡೂ ಹಬ್ಬಿಗೆ ಅಳೀಬೇಕು.

ಟಾಯರ್ ಕಟ್ಟಿ ಚಿಕ್ಕೋಡಿ
ಎಲ್ಲರೂ ಕಬ್ಬಿಣದ ಬಗ್ಗೆ ಹೇಳಿದರು. ರಸ್ತೆಯಲ್ಲಿ ಲೋಡ್ ಟ್ರೇಲರ್ ಅಡ್ಡ ನಿಲ್ಲುವುದು ಬಹಳಷ್ಟು ಸಲ ಟಾಯರಿನಿಂದ.

ಟಾಯರಿನ ಬಗಲಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ರಿಮೋಲ್ಡ್ ಟಾಯರಿಗೂ ಇದನ್ನೇ ನೋಡಿ, ಮೇಲಿನ ಪಟ್ಟಿ ಹೊಸದಾದರೂ ಒಳಗಿನ ಮೈ ಹಳೆಯದೇ. ಬಗಲಲ್ಲಿ ಕೂದಲೆಳೆಯ ಬಿರುಕು ತುಂಬಿದ್ದರೆ, ಕೈ ಆಡಿಸಿದಾಗ ಉಬ್ಬು ತಾಕಿದರೆ, ಅದನ್ನು ಲೋಡಿಗೆ ಹಾಕಬೇಡಿ. ಹೊರ ಅಂಚು ಇಲ್ಲಾ ಒಳ ಅಂಚು ಒಂದೇ ಸವೆದಿದ್ದರೆ ಅಚ್ಚು ಬಾಗಿದೆ ಇಲ್ಲವೇ ಹಬ್ ಸಡಿಲ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ. ನಡುವೆ ಸವೆದಿದ್ದರೆ ಗಾಳಿ ಹೆಚ್ಚು.

ಇನ್ನು ಲೋಡಿನ ಲೆಕ್ಕ. ಬಗಲಲ್ಲಿ 140 ಎಂಬ ಅಂಕಿ ಇದ್ದರೆ ಒಂದು ಟಾಯರ್ ಹೊರುವುದು 2500 ಕೆಜಿ, 144 ಇದ್ದರೆ 2800, 146 ಇದ್ದರೆ 3000. ಟ್ರೇಲರಿನ ಸ್ವಂತ ತೂಕ 2 ಟನ್ ಹಿಡಿಯಿರಿ, ಕಬ್ಬು 10 ಟನ್. ಒಟ್ಟು 12 ಟನ್, ನಾಲ್ಕು ಗಾಲಿಗೆ ತಲಾ 3 ಟನ್. ಕಬ್ಬು 15 ಟನ್ ಹೇರಿದರೆ ತಲಾ 4 ಟನ್ ಮೀರುತ್ತದೆ. ಅದೂ ನಾಲ್ಕಕ್ಕೂ ಸಮ ಬಿದ್ದರೆ. ರಸ್ತೆ ಒಂದು ಕಡೆ ವಾಲಿದ್ದರೆ ಆ ಬದಿಯ ಎರಡು ಟಾಯರ್ ಇನ್ನೂ ಹೆಚ್ಚು ಹೊರುತ್ತವೆ.

ಎರಿಹೊಲ
15 ಟನ್ ಹೇರದಿದ್ರ ಬಾಡಿಗಿ ಹುಟ್ಟಾಂಗಿಲ್ರಿ. ಡೀಸೆಲ್, ಡ್ರೈವರ್ ಪಗಾರ, ಕಬ್ಬ ಕಡಿಯೋ ಗ್ಯಾಂಗಿನ ಅಡ್ವಾನ್ಸ್, ಎಲ್ಲಾ ಅದರಾಗನ ಬರಬೇಕು.

ಟಾಯರ್ ಕಟ್ಟಿ ಚಿಕ್ಕೋಡಿ
ಬಾಡಿಗೆಯ ಕಷ್ಟ ಗೊತ್ತಿದೆ ಅಣ್ಣಾ. ಆದರೆ ಒಂದು ಟಾಯರ್ ಒಡೆದರೆ ಅದರ ಜೋಡಿ ಟ್ಯೂಬ್, ಫ್ಲ್ಯಾಪ್ (ಟ್ಯೂಬ್ ಮತ್ತು ರಿಮ್ಮಿನ ನಡುವಿನ ರಬ್ಬರ್ ಪಟ್ಟಿ), ಕೆಲವು ಸಲ ಡಿಸ್ಕ್ ಕೂಡ ಹೋಗುತ್ತದೆ, ಕಬ್ಬು ಇಳಿಸಿ ಮತ್ತೆ ಹೇರುವ ಕೂಲಿ ಬೇರೆ, ಕಬ್ಬು ಒಣಗಿ ತೂಕ ಇಳಿಯುವುದು ಬೇರೆ. ಈ ಲೆಕ್ಕವನ್ನೂ ಅದೇ ಬಾಡಿಗೆಯಲ್ಲಿ ಕಳೆಯಿರಿ.

ರಿಮೋಲ್ಡ್ ಹಾಕಲೇಬೇಡಿ ಅನ್ನುವುದಿಲ್ಲ. ಒಂದು ಅಚ್ಚಿಗೆ ಎರಡೂ ಒಂದೇ ಸೈಜ್, ಒಂದೇ ಎತ್ತರ ಇರಲಿ. ಒಳ್ಳೆಯವನ್ನು ಮುಂದೆ ಇಡಿ, ಹೊಳ್ಳಿಸುವಾಗ ಮುಂದಿನವು ಅಡ್ಡ ಉಜ್ಜುತ್ತವೆ.

ಭೀಮಾತೀರ
ಕಬ್ಬಿನ ಟ್ರೇಲರಿನಾಗ ಹಿಂದ ಹೆಚ್ಚು ಹೊರ್ತದರಿ. ಗಳ ಹಿಂದ ಚಾಚಿರ್ತಾವ. ನನ್ನ ಪ್ರಕಾರ ಛಲೋ ಟಾಯರ್ ಹಿಂದ ಬೇಕು.

ಟಾಯರ್ ಕಟ್ಟಿ ಚಿಕ್ಕೋಡಿ
ಹಿಂದೆ ಹೆಚ್ಚು ಹೇರಿದ್ದೇ ಮೊದಲ ತಪ್ಪು. ಅದಕ್ಕೆ ಟಾಯರ್ ಬದಲಿಸಿ ಸರಿ ಮಾಡಲಾಗದು.

ಮರೆತಿದ್ದೆ, 20 ಇಂಚಿನ ರಿಮ್ಮಿಗೆ ಲಾಕ್ ರಿಂಗ್ (ಟಾಯರ್ ಹೊರಬರದಂತೆ ಹಿಡಿಯುವ ಬಳೆ) ಇರುತ್ತದೆ. ಗಾಲಿ ಕಳಚುವ ಮೊದಲು ವಾಲ್ವಿನ ಒಳಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಗಾಳಿ ತುಂಬುವಾಗ ಆ ರಿಂಗ್ ಸರಿಯಾಗಿ ಕೂತಿರದಿದ್ದರೆ ಗುಂಡಿನ ಹಾಗೆ ಹಾರುತ್ತದೆ, ಎದುರಿಗಿದ್ದವರ ಜೀವ ಹೋಗುತ್ತದೆ. ಜಂಗು ಹಿಡಿದ ರಿಂಗನ್ನು ಬ್ರಶ್ಶಿನಿಂದ ಉಜ್ಜಿ, ಸುತ್ತಲೂ ರಿಮ್ಮಿನ ಖಾಚದಲ್ಲಿ ಕೂತಿದೆಯೋ ನೋಡಿ. ಗಾಲಿಗೆ ಸರಪಳಿ ಸುತ್ತಿ, ರಿಂಗಿನ ಮುಖ ನೆಲಕ್ಕೋ ಗೋಡೆಗೋ ಮಾಡಿ, ಉದ್ದ ಪೈಪು ಹಚ್ಚಿ ದೂರ ನಿಂತು ಗಾಳಿ ಹಾಕಿಸಿ. ರಿಂಗ್ ಕೂರಲಿಲ್ಲವೆಂದು ಗಾಳಿ ಇರುವಾಗಲೇ ಸುತ್ತಿಗೆಯಿಂದ ಬಡಿಯುವವರ ಅಂಗಡಿಗೆ ಹೋಗಬೇಡಿ.

ಫ್ಲ್ಯಾಪ್ ಕೊಳೆತಿದ್ದರೆ ಹೊಸದು ಹಾಕಿಸಿ, ಇಲ್ಲವಾದರೆ ರಿಮ್ಮಿನ ಅಂಚು ಟ್ಯೂಬ್ ಕೊಯ್ಯುತ್ತದೆ.

ಮಲಪ್ರಭಾ ದಂಡಿ
ನಡುವ ಒಂದ ಪ್ರಶ್ನೆ ಕೇಳ್ತೀನ್ರಿ. ನಮ್ಮಲ್ಲಿ ಭಾರತ ಹುಣ್ಣಿಮಿಗೆ ಎಲ್ಲಮ್ಮನ ಗುಡ್ಡಕ್ಕ ಮನಿಮಂದಿ ಎಲ್ಲಾ ಟ್ರ್ಯಾಕ್ಟರಿನ್ಯಾಗ ಹೋಗ್ತಾರ. ಟ್ರೇಲರಿಗೆ ಬಿದಿರ ಕಮಾನ ಕಟ್ಟಿ ತಾಡಪತ್ರಿ ಹೊಚ್ಚಿ, ಹುಲ್ಲ ಹಾಸಿ, ಎರಡ ಮೂರ ದಿನ ಅದರಾಗನ ವಸ್ತಿ. ಇಂಥಾ ಹಳೇ ಟ್ರೇಲರ್ ಅದಕ್ಕ ನಡೀತೈತೇನ್ರಿ?

ಕೆಎ 49
ಟ್ರೇಲರ್ ಸರಕಿನ ಗಾಡಿ. ಅದರಲ್ಲಿ ಮಂದಿ ಕೂರಿಸಿ ಹೋಗಲು ಪರವಾನಗಿ ಇಲ್ಲ. ಏನಾದರೂ ಆದರೆ ಒಳಗೆ ಕೂತವರಿಗೆ ಇನ್ಶುರೆನ್ಸ್ ನಂಬುವಂತಿಲ್ಲ. ಮಂದಿ ಬಸ್ಸಿನಲ್ಲಿ ಬರಲಿ, ಸಾಮಾನು, ಕಟ್ಟಿಗೆ, ಪಾತ್ರೆ ಟ್ರೇಲರಿನಲ್ಲಿ ಬರಲಿ. ಗುಡ್ಡದಲ್ಲಿ ನಿಲ್ಲಿಸಿದ ಮೇಲೆ ಅದನ್ನೇ ಬಿಡಾರ ಮಾಡಿಕೊಳ್ಳಿ.

ಜಮಖಂಡಿ ಲೇತ್
ಬಿಡಾರ ಮಾಡೋದಾದ್ರ ಟ್ರ್ಯಾಕ್ಟರ್ ಬಿಚ್ಚಿದ ಮ್ಯಾಲ ನಾಕೂ ಗಾಲಿಗೆ ಎರಡೂ ಕಡೆ ಕಲ್ಲ ಕೊಡ್ರಿ. ಎರಡ ಗಾಲಿ ಟ್ರೇಲರ್ ಆದ್ರ ಮುಂದಿನ ಸ್ಟ್ಯಾಂಡ್ ಕೆಳಗ ಹಲಗಿ ಇಡ್ರಿ, ಮತ್ತ ಹಿಂದಿನ ಬಾಗಲ ಕೆಳಗೂ ಊರಗಟ್ಟಿಗಿ ಕೊಡ್ರಿ. ಹತ್ತ ಮಂದಿ ಹಿಂದ ಕುಂತ್ರ ಮೂಕಿ ಎತ್ತಿದ ಚಕ್ಕಡಿ ಹಂಗ ಮುಂಭಾಗ ಮ್ಯಾಲ ಏಳ್ತೈತಿ. ಒಲಿ, ಗ್ಯಾಸ್ ತಾಡಪತ್ರಿ ಒಳಗ ಬ್ಯಾಡ, ಕೆಳಗ ಹುಲ್ಲ ಇರ್ತೈತಿ.

ರಾತ್ರಿಪಾಳಿ
ಲೈಟಿನ ಬಗ್ಗೆ ಯಾರೂ ಬರೀಲಿಲ್ಲ. ಅಥಣಿ ರಸ್ತಾದಾಗ, ಮುಧೋಳ ರಸ್ತಾದಾಗ ರಾತ್ರಿ ಹೊತ್ತ ಕಬ್ಬಿನ ಟ್ರೇಲರ್ ನಿಂತಿದ್ದು ಹತ್ರ ಬರೋತನಕ ಕಾಣಾಂಗಿಲ್ಲ. ಗಳ ಹಿಂದ ಎರಡ ಮೂರ ಅಡಿ ಚಾಚಿ ಲೈಟ್ ಮುಚ್ಚಿರ್ತಾವು. ಬೈಕಿನವರು ನೆಟ್ಟಗ ಬಂದ ಗುದ್ದತಾರ. ದಯವಿಟ್ಟ ಇದಕ್ಕ ಮೊದಲ ರೊಕ್ಕ ಹಾಕ್ರಿ, ಬಣ್ಣಕ್ಕಲ್ಲ.

ಟ್ರ್ಯಾಕ್ಟರ್ ಹಿಂದ ಏಳ ಪಿನ್ ಸಾಕೆಟ್ ಇರ್ತೈತಿ. ಹಳದಿ ವೈರ್ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಕೆಂಪು ಬ್ರೇಕ್, ಕರೇದು ಎಡ ಹಿಂದಿನ ಲೈಟ್, ಕಂದು ಬಲ ಹಿಂದಿನ ಲೈಟ್, ಬಿಳಿ ಅರ್ಥ್. ಹಳೇ ಟ್ರೇಲರಿನ್ಯಾಗ ಯಾರ್ಯಾರೋ ಕೈ ಹಾಕಿ ಬಣ್ಣ ಅದಲ ಬದಲ ಆಗಿರ್ತಾವು, 12 ವೋಲ್ಟ್ ಟೆಸ್ಟ್ ಲ್ಯಾಂಪ್ ಹಿಡದ ಒಂದೊಂದ ಪಿನ್ ನೋಡೇ ಕೂಡಿಸ್ರಿ. ಬಿಳಿ ವೈರ್ ಬಿಡಬ್ಯಾಡ್ರಿ. ಅರ್ಥ್ ಹಿಚ್ ಪಿನ್ನಿನ ಮೂಲಕ ಬರ್ತೈತಿ ಅಂತ ಬಿಟ್ರ, ಅಲ್ಲಿ ಗ್ರೀಸು ಜಂಗು ಕೂಡಿ ಲೈಟ್ ಮಿಣಕ್ ಮಿಣಕ್ ಅಂತೈತಿ. ವೈರ್ ಪೂರ್ತಿ ಪೈಪಿನೊಳಗ ಹಾಕಿ ಚಾನೆಲಿನ ಒಳಮೈಗೆ ಕಟ್ರಿ, ಹೊರಗಿದ್ರ ಕಬ್ಬಿನ ಗಳ ಜಗ್ಗಿ ಹರೀತಾವು.

ಗಳ ಲೈಟ್ ಮುಚ್ಚಿದ್ರ ಕಬ್ಬಿನ ಹಿಂದಿನ ತುದಿಗೇ ಕಟ್ಟೋ ಹಲಗಿ ಮಾಡಸ್ರಿ. ಅದರ ಮ್ಯಾಲ ಎರಡ ಎಲ್‌ಇಡಿ, ಕೆಂಪು ರಿಫ್ಲೆಕ್ಟರ್, ಉದ್ದ ವೈರ್. ಹೇರಿದ ಮ್ಯಾಲ ಹಗ್ಗಲೆ ಕಟ್ಟಬೇಕು, ಫ್ಯಾಕ್ಟರಿಯ ತೂಕದ ಕಾಟಾದ ಹತ್ರ ಬಿಚ್ಚಬೇಕು. ಬಗಲಿಗೆ ಹೊಳಿಯೋ ಹಳದಿ ಟೇಪ್, ಹಿಂದ ಹೊಳಿಯೋ ಕೆಂಪು ಟೇಪ್. ಟೇಪ್ ಹಚ್ಚೋ ಮೊದಲ ಪತ್ರಾ ಥಿನ್ನರಿಲೆ ಒರಸ್ರಿ, ಇಲ್ಲಂದ್ರ ಎರಡ ವಾರದಾಗ ಕಿತ್ತ ಬರ್ತೈತಿ. ಕಬ್ಬಿನ ಹಾಲು ದೂಳು ಕೂಡಿ ಕೂತ್ರ ರಿಫ್ಲೆಕ್ಟರ್ ಹೊಳ್ಯಾಂಗಿಲ್ಲ, ದಿನಾ ಒದ್ದಿ ಬಟ್ಟಿಲೆ ಒರಸ್ರಿ.

ಹಗ್ಗ ಹುಕ್ಕು
ಹಾಡ ಹಚ್ಚೋ ಟೇಪ್ ಡೆಕ್ಕಿನ ವೈರ್ ಹಿಂದಿನ ಲೈಟಿನ ಲೈನಿಗೆ ಕೂಡಸ್ತಾರ. ಫ್ಯೂಜ್ ಹೋಗಿ ಲೈಟೂ ಬಂದ್, ಡೆಕ್ಕೂ ಬಂದ್.

ರಾತ್ರಿಪಾಳಿ
ಖರೇ ಮಾತು. ಫ್ಯೂಜ್ ಹೋಗ್ತೈತಿ ಅಂತ ದಪ್ಪ ತಂತಿ ಸುತ್ತತಾರ, ಆಮ್ಯಾಲ ವೈರಿಂಗೇ ಸುಡ್ತೈತಿ. ಡೆಕ್ಕಿಗೆ ಬ್ಯಾಟರಿಯಿಂದ ಬ್ಯಾರೆ ವೈರ್, ಬ್ಯಾರೆ ಫ್ಯೂಜ್. ಮತ್ತ ಸಪ್ಪಳ ಕಡಿಮಿ ಇಡ್ರಿ, ಹಿಂದಿನ ಗಾಡಿ ಹಾರ್ನ್ ಕೇಳಬೇಕು.

ಎರಿಹೊಲ
ಇಷ್ಟೆಲ್ಲಾ ಹೇಳಿದ್ರಿ, ಬ್ರೇಕಿನ ಬಗ್ಗೆ ಹೇಳ್ರಿ. ಟ್ರೇಲರಿಗೆ ಬ್ರೇಕ್ ಇಲ್ಲಂದ್ರ ಇಳಕಲದಾಗ ಹೆಂಗ?

ಭೀಮಾತೀರ
ಏರು ಯಾವ ಗೇರಿನಾಗ ಹತ್ತತದೋ ಅದೇ ಗೇರಿನಾಗ ಇಳೀಬೇಕು, ಇಳಕಲ ಶುರು ಆಗೂ ಮೊದಲೇ ಆ ಗೇರಿಗೆ ಬರಬೇಕು. ನಡುವ ಕ್ಲಚ್ ಒತ್ತಬಾರ್ದು, ನ್ಯೂಟ್ರಲ್ ಅಂತೂ ಬ್ಯಾಡೇ ಬ್ಯಾಡ. ಟ್ರ್ಯಾಕ್ಟರಿನ ಎರಡೂ ಬ್ರೇಕ್ ಪೆಡಲ್ ಕೂಡಿಸೂ ಕೊಂಡಿ ರಸ್ತಾಕ್ಕ ಬಂದ ಕೂಡ್ಲೆ ಹಾಕ್ರಿ. ಒಂದೇ ಪೆಡಲ್ ಒತ್ತಿದ್ರ ಟ್ರ್ಯಾಕ್ಟರ್ ಅಡ್ಡ ತಿರುಗ್ತದ, ಹಿಂದಿನ 12 ಟನ್ ಅದನ್ನ ಮಡಚಿ ಹಾಕ್ತದ. ಟ್ರೇಲರಿಗೆ ಬ್ರೇಕ್ ಕೂಡಸೂ ಅವಕಾಶ ಇದ್ರ ಖರ್ಚು ನೋಡಬ್ಯಾಡ್ರಿ.

ಹೇರೂ ಬಗ್ಗೆನೂ ಒಂದು ಮಾತು. ಎರಡು ಗಾಲಿ ಟ್ರೇಲರಿಗೆ ಹಿಂದ ಹೆಚ್ಚು ಹೇರಿದ್ರ ಡ್ರಾಬಾರ್ ಮ್ಯಾಲ ಎತ್ತಿ ಟ್ರ್ಯಾಕ್ಟರಿನ ದೊಡ್ಡ ಗಾಲಿ ಹಿಡಿತ ಬಿಡ್ತದ. ಮುಂದ ಹೆಚ್ಚು ಹೇರಿದ್ರ ಏರಿನಾಗ ಟ್ರ್ಯಾಕ್ಟರಿನ ಮೂತಿ ಏಳ್ತದ. ಹಿಚ್ ಎತ್ತರದ ತೂತಿಗೆ ಹಾಕಿದ್ರ ಇನ್ನೂ ಅಪಾಯ. ಕಂಪನಿ ಕೊಟ್ಟ ಜಾಗಕ್ಕೇ ಹಾಕ್ರಿ.

ತೇರದಾಳ ಕಬ್ಬು
ಇವತ್ತ ಹಿಂದಿನ ಎಡಗಡೆ ಹಬ್ ಬಿಚ್ಚಿದೆ. ಹೊರಗಿನ ಬೇರಿಂಗ್ ನೀಲಿ ಆಗೇತಿ, ಗ್ರೀಸ್ ಒಣಗಿ ಕರಿ ಬೆಲ್ಲದಂಗ ಗಟ್ಟಿ ಆಗಿತ್ತು. ಸೀಲ್ ಮೂರ ತುಂಡ. ಅಚ್ಚಿನ ತುದಿ ಮ್ಯಾಲ ಬೇರಿಂಗ್ ಕೂಡೋ ಜಾಗದಾಗ ಸುತ್ತಲೂ ಗೆರಿ ಬಿದ್ದಾವು, ಹೊಸ ಬೇರಿಂಗ್ ತೂರಿಸಿದ್ರ ಕೈಯಾಗ ಅಲ್ಲಾಡ್ತೈತಿ. ನಮ್ಮೂರ ಮೆಕ್ಯಾನಿಕ್ ಪಂಚಿಲೆ ಚುಕ್ಕಿ ಹೊಡದ ಬಿಗಿ ಮಾಡ್ತೀನಿ ಅಂತಾನ. ಡ್ರಾಬಾರಿಗೂ ಡೀಸೆಲ್ ಸುಣ್ಣ ಹಚ್ಚಿದೆ. ಕಡಿಯ ಬಲಗಡೆ ಬೆಸಗಿ ಗುಂಟ ಎರಡ ಬಟ್ಟ ಉದ್ದದ ಗೆರಿ ಬಂತು.

ಜಮಖಂಡಿ ಲೇತ್
ಪಂಚಿನ ಚುಕ್ಕಿ ಬ್ಯಾಡ. ಚುಕ್ಕಿ ತಲಿ ಮ್ಯಾಲ ಬೇರಿಂಗ್ ಕುಂತಂಗ ಕಾಣ್ತೈತಿ, ಲೋಡ್ ಬಿದ್ದ ಕೂಡ್ಲೆ ಆ ತಲಿ ಚಪ್ಪಟಿ ಆಗ್ತಾವು, ಬೇರಿಂಗ್ ಮತ್ತ ಅಚ್ಚಿನ ಮ್ಯಾಲ ಗರ ಗರ ತಿರುಗ್ತೈತಿ. ಪತ್ರಾ ತುಂಡ ಸುತ್ತಿ ಕೂಡಸೋದೂ ಅಷ್ಟ. ಅಚ್ಚ ಕೆಳಗಿಳಿಸಿ ಲೇತಿಗೆ ತರ್ರಿ. ಸವತ ಸ್ವಲ್ಪ ಇದ್ರ ತುಂಬಿ ಅಳತಿಗೆ ತಿರುವಬೌದು. ಹೆಚ್ಚಿದ್ರ, ಇಲ್ಲಾ ನಟ್ಟಿನ ಥ್ರೆಡ್ ಬುಡದಾಗ ಸೀಳ ಇದ್ರ, ತುದಿ ಹೊಸಾದ ಹಾಕಬೇಕು. ತರುವಾಗ ಹೊಸ ಬೇರಿಂಗ್ ಎರಡೂ ಜೋಡಿ ತರ್ರಿ, ಕೈಯಾಗ ಬೇರಿಂಗ್ ಇಲ್ಲದ ಅಳತಿ ತಗ್ಯಾಕ ಆಗಾಂಗಿಲ್ಲ.

ಉದ್ಯಮಬಾಗ್ ವೆಲ್ಡರ್
ಕಡಿಯದು ಬೆಸೀಬ್ಯಾಡ್ರಿ ಈಗ. ಮೊದಲ ವರ್ನಿಯರ್ ಹಚ್ರಿ. ಸವದಿದ್ರ ಹೆಂಗಿದ್ರೂ ಕಡಿ ಕೊಯ್ದ ಹೊಸಾದ ಹಾಕಬೇಕು, ಆಗ ಆ ಸೀಳ ಸುದ್ದಾ ಹೋಗ್ತೈತಿ. ಕೊಯ್ದ ಮ್ಯಾಲ ಡ್ರಾಬಾರ್ ತುದಿಗೆ ಇನ್ನೊಮ್ಮೆ ಸುಣ್ಣ ಹಚ್ಚಿ ನೋಡ್ರಿ.

ಟಾಯರ್ ಕಟ್ಟಿ ಚಿಕ್ಕೋಡಿ
ಗಾಲಿ ಹಾಕುವಾಗ ನಟ್ ಎದುರುಬದುರಾಗಿ ಬಿಗಿ ಮಾಡಿ, ಸುತ್ತು ಹಾಕಿಕೊಂಡು ಅಲ್ಲ. ಡಿಸ್ಕಿನ ತೂತು ಉದ್ದ ಆಗಿದ್ದರೆ ಡಿಸ್ಕ್ ಬದಲಿಸಿ. 50 ಕಿ.ಮೀ ಓಡಿದ ಮೇಲೆ ಒಮ್ಮೆ, ಮೊದಲ ಲೋಡಿನ ಮೇಲೆ ಇನ್ನೊಮ್ಮೆ ಪಾನಾ ಹಚ್ಚಿ. ನಟ್ಟಿನ ಬುಡದಿಂದ ಕೆಂಪು ಗೆರೆ ಇಳಿದಿದ್ದರೆ ಆ ನಟ್ ಸಡಿಲವಾಗಿದೆ.

ಭೀಮಾತೀರ
ಸೀಸನ್ ಮುಗದ ಮ್ಯಾಲಿಂದು ಈಗೇ ಹೇಳಿಬಿಡ್ತೀನಿ, ಆಗ ಯಾರೂ ಕೇಳೂದಿಲ್ಲ. ಕಬ್ಬಿನ ಹಾಲು, ಯೂರಿಯಾ ಚೀಲದ ಪುಡಿ, ಎರಿ ಮಣ್ಣು, ಈ ಮೂರೂ ಚಾನೆಲಿನ ಒಳಮೂಲ್ಯಾಗ ಕೂತು ಪತ್ರಾ ತಿಂತಾವ. ಜೋರು ನೀರಿಲೆ ಅಡಿಗಿಂದ ತೊಳೀರಿ, ಆದ್ರ ಹಬ್ಬಿನ ಸೀಲಿಗೆ ನೆಟ್ಟಗ ನೀರು ಹೊಡೀಬ್ಯಾಡ್ರಿ. ತಳದ ಮೂಲಿಗೆ ನೀರು ಇಳಿಯೂ ತೂತು ಇರ್ಲಿ. ಒಣಗಿದ ಮ್ಯಾಲ ಜಂಗು ಉಜ್ಜಿ ರೆಡ್ ಆಕ್ಸೈಡ್, ಅದರ ಮ್ಯಾಲ ಬಣ್ಣ. ಅಚ್ಚಿನ ಕೆಳಗ ದಿಂಡ ಕೊಟ್ಟು ಗಾಲಿ ನೆಲ ಬಿಡೂಹಂಗ ಇಟ್ಟು, ಟಾಯರಿಗೆ ಗೋಣಿ ಚೀಲ ಹೊಚ್ರಿ. ಸುಟ್ಟ ಎಣ್ಣಿ ಪಾಟಾಕ್ಕ ಹಚ್ಚಿದ್ರ ನಡೀತದ, ಟಾಯರಿಗೆ ತಾಕಬಾರ್ದು, ರಬ್ಬರ್ ಮೆತ್ತಗಾಗ್ತದ.

ತೇರದಾಳ ಕಬ್ಬು
ಆತ್ರಿ. ನಾಳೆ ಅಚ್ಚ ಇಳಿಸಿ ಜಮಖಂಡಿಗೆ ತರ್ತೀನಿ. ಬಲಗಡೆ ಹಬ್ ಇನ್ನೂ ಬಿಚ್ಚಿಲ್ಲ, ಅದರ ನಟ್ ಎಷ್ಟ ಜಗ್ಗಿದ್ರೂ ಅಲ್ಲಾಡವಲ್ದು. ಪಾನಾಕ್ಕ ಪೈಪ್ ಹಾಕಿ ಜಗ್ಗಲೇನ್ರಿ?

ಜಮಖಂಡಿ ಲೇತ್
ತಡೀರಿ. ಮೊದಲ ಥ್ರೆಡ್ ಯಾವ ಕಡೆ ಐತಿ ನೋಡ್ರಿ. ಕೆಲವು ಅಚ್ಚಿಗೆ ಒಂದ ಕಡೆ ಉಲ್ಟಾ ಥ್ರೆಡ್ ಇರ್ತೈತಿ. ಪಿನ್ ಪೂರ್ತಿ ಬಂದೈತೇನು, ತುಂಡ ಒಳಗ ಉಳದೈತೇನು, ಅದನ್ನೂ ನೋಡ್ರಿ. ಡೀಸೆಲ್ ಹಾಕಿ ರಾತ್ರಿ ಬಿಡ್ರಿ, ಮುಂಜಾನೆ ಫೋಟೋ ಹಾಕ್ರಿ.